ಕೈ ಮುಟ್ಟದ ಮೀನು

ಮೀನಿಗೆ ವಾಸನೆ ಉಂಟು ಎನ್ನುವುದು ಕಾಪುವಿನ ಮಾನಸಳಿಗೆ ಇಪ್ಪತ್ತೆರಡು ವರ್ಷವಾಗುವ ತನಕ ತಲೆಗೆ ಹೊಳೆದದ್ದೇ ಇಲ್ಲ. ಅಪ್ಪ ಗಣಪ ಮಲ್ಪೆಯ ಬೋಟಿನಲ್ಲಿ ದುಡಿಯುವವನು. ಅಮ್ಮ ನಳಿನಾಕ್ಷಿ ಕಾಪು ಮಾರ್ಕೆಟಿನಲ್ಲಿ ಮೀನಿನ ಬುಟ್ಟಿ ಇಟ್ಟು ಕೂರುವವಳು. ಮನೆಯ ಊಟ, ಶಾಲೆಯ ಫೀಸು, ಕೊನೆಗೆ ಕಾರ್ಕಳ ಕಡೆಯ ಕಾಲೇಜಿನಲ್ಲಿ ಎಂಬಿಎ ಸೀಟು, ಎಲ್ಲವೂ ಬಂದದ್ದು ಆ ಬುಟ್ಟಿಯಿಂದ. ಅದರ ವಾಸನೆ ಹೇಸಿಗೆಯದು ಎಂದು ಅವಳಿಗೆ ತಿಳಿಸಿಕೊಟ್ಟದ್ದು ಮಣಿಪಾಲದ ಒಂದು ಆಫೀಸು. ಅದೂ ಮೀನು ಮಾರಿ ಬದುಕುವ ಆಫೀಸು.

ಅದು 2007ರ ಬೇಸಿಗೆ. ಎಂಬಿಎ ಮೊದಲ ವರ್ಷ ಮುಗಿಸಿದವರು ಎರಡು ತಿಂಗಳು ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಿ ಸರ್ಟಿಫಿಕೇಟು ತರಬೇಕಿತ್ತು. ಮಾನಸಳಿಗೆ ಸಿಕ್ಕಿದ್ದು ಮೀನನ್ನು ಶುಚಿ ಮಾಡಿ, ತುಂಡರಿಸಿ, ಮಂಜುಗಟ್ಟಿಸಿ, ಬಣ್ಣದ ಪ್ಯಾಕೆಟಿನಲ್ಲಿ ದೊಡ್ಡ ಊರುಗಳಿಗೆ ಕಳಿಸುವ ಕಂಪನಿ. ನಳಿನಾಕ್ಷಿ ಪಕ್ಕದ ಬುಟ್ಟಿಯವರಿಗೆಲ್ಲ ಹೇಳಿಕೊಂಡು ಬಂದಳು: "ನನ್ನ ಮಗಳು ಸಹ ಮೀನಿನ ಕೆಲಸಕ್ಕೇ ಹೋಗುವುದು ಮಾರಾಯ್ತಿ. ಆದರೆ ಅವಳು ಏಸಿಯಲ್ಲಿ ಕೂತು ಮಾಡುವುದು."

ಮೊದಲ ದಿನ ಮಧ್ಯಾಹ್ನ ಮಾನಸ ಊಟದ ಕೋಣೆಯಲ್ಲಿ ಬುತ್ತಿ ಬಿಚ್ಚಿದಳು. ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ. ಎರಡು ತುತ್ತು ಒಳಗೆ ಹೋಗಿರಲಿಲ್ಲ, ಮಾರ್ಕೆಟಿಂಗ್ ಮ್ಯಾನೇಜರ್ ಲಕ್ಷಿತ್ ಬಾಗಿಲಲ್ಲಿ ಬಂದು ನಿಂತ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲೊಂದು ಸ್ಪ್ರೇ ಡಬ್ಬಿ.

"ಮಾನಸ, ಇಲ್ಲಿ ಹೊರಗಿನವರು ಬರುತ್ತಾರೆ ಅಲ್ವಾ. ನಾಳೆಯಿಂದ ಮೀನು ತರುವುದು ಬೇಡ."

"ನಮ್ಮದು ಮೀನಿನ ಕಂಪನಿ ಅಲ್ವಾ ಸರ್?"

"ನಮ್ಮದು ಫುಡ್ ಕಂಪನಿ," ಎಂದ ಲಕ್ಷಿತ್. ಹೇಳುತ್ತಲೇ ಅವಳ ತಲೆಯ ಮೇಲಿನಿಂದ ಸ್ಪ್ರೇ ಒತ್ತಿದ. ಮಲ್ಲಿಗೆಯ ಪರಿಮಳವಂತೆ. ಶಂಕರಪುರದ ಮಲ್ಲಿಗೆ ಮುಡಿದು ಬೆಳೆದ ಹುಡುಗಿಗೆ ಆ ಡಬ್ಬಿಯದು ಮಲ್ಲಿಗೆ ಎಂದೇ ಅನಿಸಲಿಲ್ಲ. ಅನ್ನದ ಮೇಲೂ ಅದೇ ಕೂತಿತ್ತು. ಉಳಿದ ಊಟವನ್ನು ಅವಳು ಹಾಗೇ ಮುಚ್ಚಿಟ್ಟಳು.

ಮುಂಬೈಯಿಂದ ದೊಡ್ಡ ಅಂಗಡಿಗಳ ಒಂದು ಸಂಸ್ಥೆಯವರು ಬರುವವರಿದ್ದರು. ಅವರು ಒಪ್ಪಿದರೆ ಕಂಪನಿಯ ಪ್ಯಾಕೆಟು ಊರೂರಿನ ಕಪಾಟು ಸೇರುತ್ತದೆ. ಅವರ ಮುಂದೆ ತೋರಿಸುವ ಸ್ಲೈಡುಗಳಿಗೆ ಲಕ್ಷಿತ್ ಒಂದು ಸಾಲು ಬರೆದಿದ್ದ: 'ಕೈ ಮುಟ್ಟದ ಮೀನು'. ಕಂಪನಿಯ ಘಟಕದಲ್ಲಿ ಹೆಂಗಸರು ಸಾಲಾಗಿ ನಿಂತು ಕೈಯಲ್ಲೇ ಮೀನು ಕೊಯ್ಯುವುದನ್ನು ಮಾನಸ ನೋಡಿದ್ದಳು. ಕೇಳಿದ್ದಕ್ಕೆ ಲಕ್ಷಿತ್, "ಗ್ಲೌಸ್ ಹಾಕುತ್ತಾರಲ್ಲ," ಎಂದ. ಗ್ಲೌಸು ಹಾಕಿದ ಒಂದು ಕೈಯನ್ನೂ ಅವಳು ಅಲ್ಲಿ ಕಂಡಿರಲಿಲ್ಲ.

ಅವಳಿಗೆ ಬಂದ ಕೆಲಸ ಊರಿನ ಮೀನು ಮಾರ್ಕೆಟಿನ ಫೋಟೋ ತರುವುದು. ಕಂಪನಿಯ ಡಿಜಿಟಲ್ ಕ್ಯಾಮರಾ ಹಿಡಿದು ಖುಷಿಯಿಂದಲೇ ಕಾಪುವಿಗೆ ಹೋದಳು. ಮಗಳು ಫೋಟೋ ತೆಗೆಯುತ್ತಾಳೆಂದು ನಳಿನಾಕ್ಷಿ ಮತ್ತು ಅವಳ ಜೊತೆಯವರು ಕಟ್ಟೆಗೆ ನೀರು ಹೊಯ್ದು ಉಜ್ಜಿದರು, ಹೂ ಮುಡಿದರು, ಅಂಜಲ್, ಕಾಣೆ, ಬಂಗುಡೆಯನ್ನು ಬುಟ್ಟಿಯಲ್ಲಿ ಚಂದ ಮಾಡಿ ಜೋಡಿಸಿದರು. ಬೆಳಿಗ್ಗೆಯ ಬಿಸಿಲಿಗೆ ಮೀನು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ಲಕ್ಷಿತ್ ಚಿತ್ರಗಳನ್ನು ಒಂದೊಂದಾಗಿ ನೋಡಿ ಕ್ಯಾಮರಾ ಕೆಳಗಿಟ್ಟ. "ಇದನ್ನು ನೋಡಿದರೆ ಯಾರು ಪ್ಯಾಕೆಟು ತೆಗೆದುಕೊಳ್ಳುತ್ತಾರೆ? ನನಗೆ ಗಲೀಜು ಬೇಕು."

"ಗಲೀಜು ಇರಲಿಲ್ಲ ಸರ್."

"ಇರುತ್ತದೆ. ನಾನೇ ಬರುತ್ತೇನೆ."

ಮರುದಿನ ಕಂಪನಿಯ ಕಾರಿನಲ್ಲಿ ಹೊರಟರು. ಚಾಲಕ ಜಾರ್ಜ್ ಐವತ್ತು ದಾಟಿದ ಮಲ್ಪೆಯವರು, ಮಾತು ಕಡಿಮೆ. ಮಾರ್ಕೆಟಿನಲ್ಲಿ ಲಕ್ಷಿತ್ ಮೂಗಿಗೆ ಕರ್ಚೀಫು ಹಿಡಿದೇ ಇಳಿದ. ನಳಿನಾಕ್ಷಿ ಎದ್ದು ನಿಂತು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಬನ್ನಿ ಸಾರ್. ನನ್ನ ಮಗಳಿಗೆ ಕೆಲಸ ಕಲಿಸುವವರು ನೀವೇ ಅಲ್ವಾ? ನಿಮ್ಮ ಊರು ಎಲ್ಲಿ?"

"ಬೆಂಗಳೂರು," ಎಂದ ಅವನು. ಮತ್ತೆ ಕೇಳಿದ, "ಮೀನು ಕೊಯ್ದ ಕಸ ಎಲ್ಲಿ ಹಾಕುತ್ತೀರಿ?"

ಅವಳು ಮೂಲೆಯಲ್ಲಿ ಮುಚ್ಚಿಟ್ಟ ಡಬ್ಬ ತೋರಿಸಿದಳು. ಅದನ್ನು ತಂದು ಬುಟ್ಟಿಯ ಪಕ್ಕ ಸುರಿಯಲು ಲಕ್ಷಿತ್ ಹೇಳಿದ. ಕರುಳು, ಕಿವಿರು, ನೆತ್ತರು ಕಟ್ಟೆಯ ಮೇಲೆ ಹರಡಿತು. ನೊಣ ಮುತ್ತಿದವು. "ಇಷ್ಟು ಸಾಕಾ ಸಾರ್, ಇನ್ನೂ ಉಂಟು," ಎಂದಳು ನಳಿನಾಕ್ಷಿ, ಮನೆಗೆ ಬಂದವರಿಗೆ ಬಡಿಸುವವಳ ಹಾಗೆ. ಅವಳ ಕೈಯನ್ನು ಆ ರಾಶಿಯ ಮೇಲೆ ಇಡಿಸಿ ಅವನು ಫೋಟೋ ಹೊಡೆದ. ಅಡ್ಡ ಬಂದ ಒಂದು ಬಂಗುಡೆಯನ್ನು ಬಗ್ಗಿ ಕಿವಿರಿಗೆ ಬೆರಳು ತೂರಿಸಿ ಎತ್ತಿ ಆಚೆ ಇಟ್ಟ. ಬೆಂಗಳೂರಿನವರು ಹಾಗೆ ಎತ್ತುವುದಿಲ್ಲ ಎಂದು ಮಾನಸಳಿಗೆ ಅನಿಸಿತು. ಅದಕ್ಕಿಂತ ಹೆಚ್ಚಾಗಿ, ತಾನು ಬಾಯಿ ಮುಚ್ಚಿ ನಿಂತದ್ದು ಅವಳನ್ನು ಚುಚ್ಚಿತು. ಸರ್ಟಿಫಿಕೇಟು ಅವನ ಕೈಯಲ್ಲಿತ್ತು.

ಮುಂಬೈಯವರು ಬರುವ ಹಿಂದಿನ ಸಂಜೆ ಲಕ್ಷಿತ್ ಅವಳನ್ನು ಕರೆದ. "ನಾಳೆ ಬರುವಾಗ ನಿಮ್ಮ ಅಮ್ಮನ ಹತ್ತಿರ ಒಳ್ಳೆಯ ಅಂಜಲ್ ತೆಗೆದುಕೊಂಡು ಬಾ. ದೊಡ್ಡದು. ಊಟಕ್ಕೆ ಬೇಕು."

"ನಮ್ಮ ಪ್ಯಾಕೆಟ್ ಉಂಟಲ್ಲ ಸರ್?"

"ಅದು ತಿನ್ನಲಿಕ್ಕೆ ಆಗುವುದಿಲ್ಲ ಮಾರಾಯ್ತಿ," ಎಂದು ಅವನು ನಕ್ಕ. ಅವನ ಬಾಯಿಂದ ಊರಿನ ಮಾತು ಬಂದದ್ದು ಅದೇ ಮೊದಲು.

ಬೆಳಿಗ್ಗೆ ನಳಿನಾಕ್ಷಿ ಇದ್ದುದರಲ್ಲಿ ಒಳ್ಳೆಯ ಮೀನನ್ನು ಆರಿಸಿ, ತುಂಡು ಮಾಡಿ, ತೊಳೆದು, ಬಾಳೆ ಎಲೆಯಲ್ಲಿ ಕಟ್ಟಿ ಕೊಟ್ಟಳು. ಮಾನಸ ಅದನ್ನು ಮಡಿಲಲ್ಲಿಟ್ಟುಕೊಂಡು ಉಡುಪಿಗೆ ಬಂದು, ಬಸ್ಸು ಬದಲಿಸಿ, ಕಡಿಯಾಳಿ ದಾಟಿ ಮಣಿಪಾಲ ಹತ್ತಿದಳು.

ಸಭೆಯ ಕೋಣೆಯಲ್ಲಿ ದೀಪ ಆರಿಸಿ ಸ್ಲೈಡು ಹಾಕಿದರು. ಮೊದಲು ಕಂಪನಿಯ ಹೊಳೆಯುವ ಪ್ಯಾಕೆಟು. ಅದರ ಪಕ್ಕ, ಗೋಡೆಯಷ್ಟು ದೊಡ್ಡದಾಗಿ, ಕರುಳಿನ ರಾಶಿಯ ಮೇಲೆ ಅಮ್ಮನ ಕೈ. ಮುಖ ಇರಲಿಲ್ಲ. ಕೈಯ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದಿತ್ತು. ಬಂದವರಲ್ಲಿ ಒಬ್ಬಾಕೆ "ಛೀ" ಎಂದು ಮುಖ ಹಿಂಡಿದಳು. ಲಕ್ಷಿತ್‌ಗೆ ಹುರುಪು ಬಂತು. "ಈ ಹುಡುಗಿ ಆ ಊರಿನವಳೇ. ಮಾನಸ, ಮಾರ್ಕೆಟು ಹೀಗೇ ಇರುವುದಲ್ವಾ?"

ಎಲ್ಲರೂ ಅವಳ ಕಡೆ ತಿರುಗಿದರು. ಮಾನಸ ಎದ್ದು ನಿಂತು, ತನಗೆ ಬಂದ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: ಇದು ಸುಳ್ಳು. ಆ ಕಸ ಅಲ್ಲಿರಲಿಲ್ಲ. ಫೋಟೋಗಾಗಿ ಸರ್ ಸುರಿಸಿದ್ದು. ಆ ಕೈ ನನ್ನ ತಾಯಿಯದು.

ಕೋಣೆ ಬಿರಿಯುತ್ತದೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಬಂದವರಲ್ಲಿ ಹಿರಿಯನಾದವನು ಮೆಲ್ಲಗೆ ನಕ್ಕು, "ಜಾಹೀರಾತು ಎಂದರೆ ಹಾಗೇ ಮಗು. ಕಲಿಯುತ್ತೀ," ಎಂದ. ಛೀ ಎಂದಿದ್ದ ಹೆಂಗಸು ನೀರು ಕುಡಿದಳು. ಲಕ್ಷಿತ್ ಮುಂದಿನ ಸ್ಲೈಡಿಗೆ ಹೋದ. ಸುಳ್ಳು ಎಂದು ಅವರಿಗೆ ಮೊದಲೇ ಗೊತ್ತಿತ್ತು, ಯಾರಿಗೂ ಅದು ತೊಂದರೆಯೇ ಆಗಿರಲಿಲ್ಲ. ಆ ಹೊತ್ತಿನಲ್ಲಿ ಮಾನಸಳಿಗೆ ಬಂದದ್ದು ಸಿಟ್ಟೂ ಅಲ್ಲ, ಅಳುವೂ ಅಲ್ಲ, ಹೇಸಿಗೆ.

ಊಟಕ್ಕೆ ಅಂಜಲ್ ಫ್ರೈ ಬಂತು. ಬಂದವರು ಬೆರಳು ನೆಕ್ಕಿಕೊಂಡು ತಿಂದರು. "ಎಷ್ಟು ತಾಜಾ ಇದೆ," ಎಂದು ಆ ಹೆಂಗಸು ಇನ್ನೊಂದು ತುಂಡು ಹಾಕಿಸಿಕೊಂಡಳು.

"ನಮ್ಮದೇ ಪ್ಯಾಕೆಟ್," ಎಂದ ಲಕ್ಷಿತ್, ಮಾನಸಳ ಮುಖ ನೋಡುತ್ತಲೇ.

ಅವಳು ತಟ್ಟೆ ಬಿಟ್ಟು ಹೊರಗೆ ಬಂದಳು. ಕಾರಿನ ಹತ್ತಿರ ಜಾರ್ಜ್ ನಿಂತಿದ್ದರು. ಅವಳ ಮುಖ ಕಂಡು ತಮ್ಮ ನೀರಿನ ಬಾಟಲಿ ಕೊಟ್ಟರು. ನಡೆದದ್ದನ್ನೆಲ್ಲ ಕೇಳಿ ಹೇಳಿದರು: "ಈ ಲಕ್ಷಿತನ ಅಮ್ಮ ನಮ್ಮ ಮನೆ ಹತ್ತಿರದವರೇ. ಮಲ್ಪೆಯಲ್ಲಿ ಮೀನಿನ ಬುಟ್ಟಿ ಹೊತ್ತೇ ಅವನನ್ನು ಓದಿಸಿದ್ದು. ಈಗ ಆಫೀಸಿನ ಕಡೆ ಬರಬೇಡಿ ಎಂದು ಹೇಳಿದ್ದಾನಂತೆ."

ಸಂಜೆ ಮನೆಯಲ್ಲಿ ಅವಳು ಎಲ್ಲವನ್ನೂ ಅಮ್ಮನಿಗೆ ಹೇಳಿದಳು. ನಳಿನಾಕ್ಷಿ ಬೈಯಲಿಲ್ಲ. "ಮೀನು ಆಗಷ್ಟೇ ಕೊಯ್ದದ್ದು, ಹೊಸತು ಎಂದು ತೋರಿಸಲಿಕ್ಕೆ ಕಸ ಸುರಿಸಿದ್ದು ಅಂತ ನಾನು ತಿಳಿದಿದ್ದೆ," ಎಂದಷ್ಟೇ ಹೇಳಿ, ಬಚ್ಚಲಿಗೆ ಹೋಗಿ ಕೈ ತೊಳೆದಳು. ತುಂಬ ಹೊತ್ತು ನೀರಿನ ಸದ್ದು ಕೇಳಿಸಿತು. ಅಲ್ಲಿಂದ ಮುಂದೆ ಮಗಳ ಏಸಿ ಆಫೀಸಿನ ಸುದ್ದಿಯನ್ನು ಅವಳು ಯಾರ ಹತ್ತಿರವೂ ಎತ್ತಲಿಲ್ಲ.

ಉಳಿದ ವಾರಗಳನ್ನು ಮಾನಸ ಹಲ್ಲು ಕಚ್ಚಿ ಮುಗಿಸಿದಳು. ಸರ್ಟಿಫಿಕೇಟಿನಲ್ಲಿ ಲಕ್ಷಿತ್ 'ಅತ್ಯುತ್ತಮ' ಎಂದು ಬರೆದಿದ್ದ. ಬೇಡ ಎಂದು ಎಸೆಯುವ ಹಾಗಿರಲಿಲ್ಲ, ಅದಿಲ್ಲದೆ ಪಾಸಾಗುವುದಿಲ್ಲ. ವರದಿಯ ಕೊನೆಗೆ 'ಕಲಿತ ಪಾಠಗಳು' ಎಂದು ಒಂದು ಅಧ್ಯಾಯ ಕಡ್ಡಾಯವಿತ್ತು. ಶಿಸ್ತು, ಸಮಯಪಾಲನೆ, ಒಟ್ಟಾಗಿ ದುಡಿಯುವುದು ಎಂದು ಹಿಂದಿನ ವರ್ಷದವರು ಬರೆದದ್ದನ್ನೇ ಬರೆದಳು. ಬರೆಯುವಾಗ ತನ್ನ ಮೇಲೂ ಅಸಹ್ಯ ಬಂತು.

ಮರುವರ್ಷ ಫಲಿತಾಂಶ ಬಂದ ಮೇಲೆ ಲಕ್ಷಿತ್ ಫೋನು ಮಾಡಿದ. ಮುಂಬೈಯವರು ಒಪ್ಪಿದ್ದರು, ಕಂಪನಿ ಬೆಳೆಯುತ್ತಿತ್ತು. "ಬಂದು ಸೇರಿಕೋ. ಆ ದಿನ ಎದ್ದು ಮಾತಾಡಿದ್ದೆಯಲ್ಲ, ಆ ಧೈರ್ಯ ನಮಗೆ ಬೇಕು."

"ನಿಮ್ಮ ಅಮ್ಮ ಹೇಗಿದ್ದಾರೆ ಸರ್?" ಎಂದು ಕೇಳಿದಳು ಮಾನಸ.

ಆ ಕಡೆಯಿಂದ ಫೋನು ಕಟ್ಟಾಯಿತು. ಗೆದ್ದೆ ಎಂದು ಅವಳಿಗೆ ಅನಿಸಲಿಲ್ಲ. ನೋಯುವ ಜಾಗ ಹುಡುಕಿ ಒತ್ತುವುದನ್ನು ಅವನಿಂದಲೇ ಕಲಿತೆನಲ್ಲ ಎಂದು ನಾಲಿಗೆ ಕಹಿಯಾಯಿತು.

ಅವಳು ಬೆಳ್ಮಣ್‌ನ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕೆ ಸೇರಿದಳು. ಸಂಬಳ ಲಕ್ಷಿತ್ ಹೇಳಿದ್ದರ ಅರ್ಧವೂ ಇರಲಿಲ್ಲ. ಎಂಬಿಎ ಓದಿ ಇದೆಂತ ಕೆಲಸ ಎಂದು ನೆಂಟರು ಕೇಳಿದರೆ, "ಬಸ್ಸು ನೇರ ಉಂಟು, ಮಣಿಪಾಲಕ್ಕೆ ಹೋದ ಹಾಗೆ ಬದಲಿಸಬೇಕಾಗಿಲ್ಲ," ಎನ್ನುತ್ತಿದ್ದಳು.