ಗುರುತಿಲ್ಲದವರಿಗೊಂದು ಎಡೆ

ಕಪಿಲೆ ತುಂಬಿ ಬಂದ ಆ ಆಗಸ್ಟಿನಲ್ಲಿ ನಮ್ಮಪ್ಪ ಕಾಣೆಯಾದರು. ನಂಜನಗೂಡಿನಲ್ಲಿ ನಮ್ಮ ಮನೆಯಿಂದ ಹೊಳೆಗೆ ಕೂಗಳತೆ ದೂರ. ಅಪ್ಪನಿಗೆ ಅಷ್ಟು ಹೊತ್ತಿಗಾಗಲೇ ಅರಳುಮರಳು. ಒಮ್ಮೊಮ್ಮೆ ನನ್ನನ್ನೇ ‘ಅಕ್ಕಾ’ ಎಂದು ಕರೆಯುತ್ತಿದ್ದರು. ಆದರೂ ಬೆಳಗ್ಗೆ ಸ್ನಾನಘಟ್ಟಕ್ಕೆ ಹೋಗುವ ದಾರಿಯನ್ನು ಅವರ ಕಾಲು ಮರೆತಿರಲಿಲ್ಲ. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ, ಯಾರೂ ಹೊಳೆಗಿಳಿಯಬೇಡಿ ಎಂದು ಆಟೋಗೆ ಮೈಕು ಕಟ್ಟಿಕೊಂಡು ಸಾರಿ ಹೋಗಿದ್ದರು. ನಾವು ಬಾಗಿಲಿಗೆ ಚಿಲಕ ಹಾಕಿದ್ದೆವು. ಅದನ್ನು ಹೇಗೆ ತೆಗೆದು ಹೊರಗೆ ಹೋದರೋ. ಘಟ್ಟದ ಮೇಲಿನ ಮೆಟ್ಟಿಲ ಮೇಲೆ ಅವರ ಟವೆಲ್ಲು, ಪಕ್ಕದಲ್ಲಿ ಜೋಡಿಸಿಟ್ಟ ಚಪ್ಪಲಿ ಸಿಕ್ಕವು. ಅಲ್ಲಿಂದ ಕೆಳಗೆ ಮೆಟ್ಟಿಲೇ ಕಾಣುತ್ತಿರಲಿಲ್ಲ, ಬರೀ ಕೆನ್ನೀರು.

ಊರೆಲ್ಲ ಅಂದೇ ತೀರ್ಮಾನ ಮಾಡಿತು. ಅವ್ವ ಮಾತ್ರ ಒಪ್ಪಲಿಲ್ಲ. ಸಂಜೆ ಎಂದಿನಂತೆ ದೀಪ ಹಚ್ಚಿ, “ಇವತ್ತಿನ್ ದಿವ್ಸ ಕಳ್ಸ್‌ಕೊಟ್ಟಲ್ಲ ನಂಜುಂಡಪ್ಪ, ನಿನ್ ಋಣ ದೊಡ್ದು,” ಎಂದು ಕೈ ಮುಗಿದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮದುವೆ ಬೇಡವೆಂದು ತವರಿನಲ್ಲೇ ಉಳಿದು, ಸ್ಕೂಲಿನಲ್ಲಿ ಮಕ್ಕಳನ್ನು ಗದರಿಸಿ ಗದರಿಸಿ ಆ ಕೋಪ ಇನ್ನಷ್ಟು ಗಟ್ಟಿಯಾಗಿತ್ತು.

“ಏನ್ ಕೊಟ್ಟ ಅಂತ ಋಣ ಅವನದು? ಅಪ್ಪನ್ನ ಕೊಟ್ನಾ?” ಎಂದು ಕೇಳಿದೆ.

“ಉಟ್ಟಿಸಿದ್ ದ್ಯಾವ್ರು ಉಲ್ಲು ಮೇಯಿಸ್ತಾನಾ ಮಗಾ? ಇಸ ಕುಡ್ದು ಕುಂತಿರೋನು ಕಣವ್ವ ಅವ್ನು. ಕಷ್ಟ ಅಂದ್ರೆ ಏನು ಅಂತ ಅವ್ನಿಗೆ ಏಳ್‌ಕೊಡ್ಬೇಕಾ?” ಎಂದಳು. ಆ ನಂಬಿಕೆ ಕಂಡು ನನಗೆ ಮೈ ಉರಿಯಿತು. ಹೊಟ್ಟೆಕಿಚ್ಚೂ ಆಯಿತು.

ಕಪಿಲೆಯಲ್ಲಿ ಹೋದವರನ್ನು ನಮ್ಮ ಕಡೆಯವರು ಟಿ. ನರಸೀಪುರದಲ್ಲಿ ಹುಡುಕುತ್ತಾರೆ. ಅಲ್ಲಿ ಹೊಳೆ ಕಾವೇರಿಗೆ ಸೇರುವ ಕಡೆ ಮೀನುಗಾರರು ಹರಿಗೋಲು ಹಾಕಿಕೊಂಡು ಇರುತ್ತಾರೆ. ನೀರು ಸ್ವಲ್ಪ ಇಳಿದ ಮೇಲೆ ಪೊಲೀಸರಿಂದ ಫೋನು ಬಂತು: ಮುದುಕರೊಬ್ಬರ ದೇಹ ಸಿಕ್ಕಿದೆ, ಬಂದು ಗುರುತು ಹೇಳಿ. ತಾಂಡವಪುರದಿಂದ ಚಿಕ್ಕಪ್ಪ ಬಂದ. ಮೂವರೂ ಬಸ್ಸಿನಲ್ಲಿ ಹೋದೆವು. ಸಂಗಮದ ದಡದಲ್ಲಿ ನಡುಮಧ್ಯಾಹ್ನದ ಬಿಸಿಲಿತ್ತು. ನೀರಿಗೆ ಸದ್ದೇ ಇರಲಿಲ್ಲ. ಅಷ್ಟು ದೊಡ್ಡ ಎರಡು ಹೊಳೆಗಳು ಸೇರುವ ಕಡೆ ಅಷ್ಟೊಂದು ಮೌನ ಇರಬಾರದು ಎಂದು ನನಗೆ ಅನ್ನಿಸಿತು.

ಚಾಪೆಯ ಮೇಲೆ ಮಲಗಿಸಿದ್ದರು. ಬಿಳೀ ಪಂಚೆ, ನರೆತ ತಲೆ, ಅಪ್ಪನದೇ ಎತ್ತರ. ಮುಖದಲ್ಲಿ ಗುರುತು ಹಿಡಿಯುವಂಥದ್ದು ಉಳಿದಿರಲಿಲ್ಲ. ಚಿಕ್ಕಪ್ಪ ಒಮ್ಮೆ ನೋಡಿ ಕಣ್ಣೊರೆಸಿಕೊಂಡ. “ಅಣ್ಣನೇ ಕಣತ್ಗೆ. ಇನ್ನೇನ್ ನೋಡೋದದೆ? ಒಪ್‌ಕಂಡು ಮಣ್ ಮಾಡ್ಬುಡವ,” ಎಂದ. ನನಗೂ ಒಳಗೊಳಗೇ ಹಾಗೇ ಅನ್ನಿಸಿತು. ಎಲ್ಲಿ ಏನಾಗಿದ್ದಾರೋ ಎಂಬ ಯೋಚನೆ ಒಂದು ಕಡೆ ನಿಂತರೆ ಸಾಕಾಗಿತ್ತು.

ಅವ್ವ ಚಾಪೆಯ ಪಕ್ಕ ಕುಳಿತು ಆ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ನಮ್ಮಪ್ಪ ಹರೆಯದಲ್ಲಿ ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ತೋರುಬೆರಳನ್ನು ಅರ್ಧ ಕಳೆದುಕೊಂಡಿದ್ದರು. ಅವ್ವ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

“ಎಲ್ಲ ಬೆಳ್ಳೂ ನೆಟ್ಟಗವೆ ಕಣಪ್ಪ. ಇವ್ರು ನಮ್ಮೋರಲ್ಲ,” ಎಂದಳು. ಕೂಡಲೇ ನೀರಿನ ಕಡೆ ತಿರುಗಿ, “ನಿನ್ ಪಾದುಕ್ಕೆ ಸರಣು ನಂಜುಂಡಪ್ಪ, ಕಾಪಾಡ್ದೆ,” ಎಂದು ಕೈ ಮುಗಿದಳು.

ನನ್ನ ಎದೆಯೂ ಹಗುರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಮುದುಕರು ಅಲ್ಲೇ ಇದ್ದರು, ಅವರ ಕೈ ಇನ್ನೂ ಅವ್ವನ ಮಡಿಲಲ್ಲೇ ಇತ್ತು. ಅದು ಅವ್ವನಿಗೂ ಹೊಳೆಯಿತೆಂದು ಕಾಣುತ್ತದೆ. ಮುಗಿದ ಕೈ ಇಳಿಸಿ, ಸೆರಗಿನಿಂದ ಅವರ ಮುಖದ ಮೇಲಿನ ಮರಳನ್ನು ಒರೆಸಿದಳು. “ತಪ್ ತಿಳ್ಕಬ್ಯಾಡಿ ಸೋಮಿ,” ಎಂದು ಮೆಲ್ಲಗೆ ಹೇಳಿದಳು. ಅವರನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಪೊಲೀಸರೇ ಮಣ್ಣು ಮಾಡಿಸಿದರು.

ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅದು ಪಕ್ಷದ ಹಬ್ಬ. ಅಂದು ದೀಪ ಹಚ್ಚುವ ಹೊತ್ತಿಗೆ ಸತ್ತ ಹಿರಿಯರಿಗೆ ಒಳಮನೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಹಿತ್ತಲ ಬಾಗಿಲನ್ನು ಮಾತ್ರ ತೆರೆದಿಡುತ್ತೇವೆ, ಅವರು ಬರುವುದು ಆ ಕಡೆಯಿಂದ. ಎಡೆಯ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಅವರು ಉಂಡು ಹೋಗುವವರೆಗೆ ಇಣುಕುವಂತಿಲ್ಲ.

ಅಪ್ಪನಿಗೂ ಒಂದು ಎಲೆ ಹಾಕಿ ಮುಗಿಸಿಬಿಡೋಣ ಎಂದು ಚಿಕ್ಕಪ್ಪ ಬೆಳಗಿನಿಂದ ಹಿಡಿದ ಪಟ್ಟು ಬಿಟ್ಟಿರಲಿಲ್ಲ. ಅವ್ವ ಅಡುಗೆಯಲ್ಲೇ ಮುಳುಗಿದ್ದಳು. ಸಂಜೆ ನೋಡಿದರೆ ಅಜ್ಜ, ಅಜ್ಜಿಯ ಎರಡು ಎಲೆಗಳ ಪಕ್ಕದಲ್ಲಿ ಮೂರನೆಯದು ಬಿದ್ದಿತ್ತು. ನನಗೆ ತಲೆ ಕೆಟ್ಟಿತು. ಬದುಕಿರುವವರ ಹೆಸರಿನಲ್ಲಿ ಎಡೆ ಇಟ್ಟರೆ ಅವರನ್ನು ನಾವೇ ಕೈಯಾರೆ ಆಚೆಗೆ ಕಳಿಸಿದ ಹಾಗೆ. ಅದನ್ನು ನನಗೆ ಕಲಿಸಿದವಳೇ ಅವ್ವ.

“ಇಷ್ಟೇನಾ ನಿನ್ನ ನಂಬಿಕೆ?” ಎಂದು ಕೂಗಾಡಿದೆ.

“ನಿಮ್ಮಪ್ಪಂಗಲ್ಲ ಕಣೇ. ಆ ಸಂಗಮದಲ್ಲಿ ಮಲ್ಗಿದ್ರಲ್ಲ, ಅವ್ರಿಗೆ. ನಮ್ಮೋರಲ್ಲ ಅಂತ ಕುಸಿ ಪಟ್ಟು ಬಂದ್ಬುಟ್ವಿ. ಅವ್ರಿಗ್ಯಾರು ಇಕ್ತಾರೆ?”

ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. “ಅತ್ಗೆ, ಕುಲ ಗೊತ್ತಿಲ್ಲ, ಎಸ್ರು ಗೊತ್ತಿಲ್ಲ. ಅಂತೋರ್ನ ಮನೆಗ್ ಕರುದ್ರೆ ತಿರ್ಗ ಓಯ್ತಾರಾ?”

ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗೆ ಏನು ಇಷ್ಟವೋ ಎಂದು ಯೋಚಿಸಿ ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ ಎಲ್ಲವನ್ನೂ ಬಡಿಸಿದಳು. ಎಲೆಯಡಿಕೆಯನ್ನೂ ಬೀಡಿಯನ್ನೂ ಪಕ್ಕದಲ್ಲಿಟ್ಟಳು. ಬಾಗಿಲು ಮುಚ್ಚಿ ಮೂವರೂ ನಡುಮನೆಯಲ್ಲಿ ಕುಳಿತೆವು.

ಮೊದಲು ಕೇಳಿಸಿದ್ದು ಹಿತ್ತಲ ಬಾಗಿಲಿನ ಕಿರುಗುಟ್ಟುವಿಕೆ. ಗಾಳಿ ಇರಬಹುದು ಎಂದುಕೊಂಡೆ. ಆಮೇಲೆ ನೆಲದ ಮೇಲೆ ಲೋಟ ಜರುಗಿದ ಸದ್ದು. ಸ್ವಲ್ಪ ಹೊತ್ತು ಏನಿಲ್ಲ. ಆಮೇಲೆ ಸಾರನ್ನು ಸೊರ್ ಎಂದು ಎಳೆದು ಉಣ್ಣುವ ಸದ್ದು ಸ್ಪಷ್ಟವಾಗಿ ಬಂತು. ಚಿಕ್ಕಪ್ಪ ಎದ್ದು ಜಗಲಿಗೆ ಓಡಿದ. ನಾಯಿ ಬಂದಿದ್ದರೆ ಓಡಿಸಬೇಕು ಎಂದು ಬಾಯಿಬಿಟ್ಟು ಹೇಳಿದೆ. ನಾಯಿ ಹಾಗೆ ಉಣ್ಣುವುದಿಲ್ಲ ಎಂದು ನನಗೇ ಗೊತ್ತಿತ್ತು.

“ಸುಮ್ಕಿರು, ಉಣ್ಲಿ. ಅಸ್ದಿರ್ತಾರೆ,” ಎಂದಳು ಅವ್ವ. ಕುಳಿತ ಕಡೆಯಿಂದ ಅಲುಗಲಿಲ್ಲ.

ನನಗೆ ಹೆದರಿಕೆ ಹೆಚ್ಚಾದರೆ ಅದು ಸಿಟ್ಟಾಗಿ ತಿರುಗುತ್ತದೆ. ಎದ್ದು ಹೋಗಿ ಬಾಗಿಲನ್ನು ದಬ್ಬಿದೆ.

ಧೂಪದ ಹೊಗೆಯಲ್ಲಿ, ಮೂರನೆಯ ಎಲೆಯ ಮುಂದೆ, ಗಡ್ಡ ಬಿಟ್ಟ ಮುದುಕರೊಬ್ಬರು ಯಾರದೋ ದೊಗಲೆ ಅಂಗಿ ಹಾಕಿಕೊಂಡು ಕುಳಿತಿದ್ದರು. ಮುದ್ದೆ ಮುರಿಯುತ್ತಿದ್ದ ಬಲಗೈಯಲ್ಲಿ ತೋರುಬೆರಳು ಅರ್ಧವೇ ಇತ್ತು. ತಲೆಯೆತ್ತಿ ನನ್ನ ಹಿಂದೆ ನಿಂತಿದ್ದ ಅವ್ವನನ್ನು ನೋಡಿದರು.

“ಸಾರ್ಗೆ ಉಪ್ಪಾಕಿಲ್ವೇನಮ್ಮಿ?” ಎಂದು ಕೇಳಿದರು.

ಅವ್ವ ಅಲ್ಲೇ ಕುಸಿದು ಕುಳಿತು ಅತ್ತಳು. ಅಷ್ಟು ದಿನ ಅಳದಿದ್ದದ್ದನ್ನೆಲ್ಲ ಸೇರಿಸಿ ಅತ್ತಳು. ನಾನು ಅಪ್ಪನ ಭುಜ ಮುಟ್ಟಿದೆ, ಮತ್ತೆ ಮತ್ತೆ ಮುಟ್ಟಿದೆ. ಮೈ ಬೆಚ್ಚಗಿತ್ತು. ಎಲ್ಲಿದ್ದಿರಿ ಅಪ್ಪ ಎಂದರೆ, “ಇದ್ನಲ್ಲ, ಉಣ್ಣಕ್ ಇಕ್ತಿದ್ರು,” ಎಂದರು. ಯಾರು ಎಂದರೆ ಗೊತ್ತಿಲ್ಲ. ಅದಕ್ಕಿಂತ ಹೆಚ್ಚೇನನ್ನೂ ಅವರು ಇಂದಿಗೂ ಹೇಳಿಲ್ಲ, ನಮಗೂ ತಿಳಿದಿಲ್ಲ. ಯಾವ ಊರಿನ ಯಾವ ಪುಣ್ಯಾತ್ಮರು ಅಷ್ಟು ದಿನ ಅವರಿಗೆ ಅನ್ನ ಹಾಕಿದರೋ, ಆ ಅಂಗಿ ಕೊಟ್ಟರೋ.

ಉಣ್ಣುತ್ತಿದ್ದವರು ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿ ಹಿತ್ತಲ ಕಡೆ ನೋಡಿದರು. “ಅವ್ರಿಗೂ ಇಕ್ಕವ್ವ. ಒಳೆ ತಾವಿಂದ ಕೈ ಇಡ್ಕಂಡು ಕರ್ಕಬಂದವ್ರೆ. ಒಳಿಕ್ ಬನ್ನಿ ಅಂದ್ರೆ ಬರಾಕಿಲ್ಲ, ನನ್ ಎಲೇಲಿ ನೀವೇ ಉಣ್ಣಿ ಅಂತರೆ.”

ನಾನು ಹಿತ್ತಲಿಗೆ ಹೋಗಿ ನೋಡಿದೆ. ಬಟ್ಟೆ ಒಗೆಯುವ ಕಲ್ಲು, ನುಗ್ಗೆಮರ, ಅದರಾಚೆ ಓಣಿ. ಯಾರೂ ಇರಲಿಲ್ಲ. ಬಿಟ್ಟು ಹೋದವರು ಯಾರೋ ದಾರಿಹೋಕರಿರಬೇಕು, ಅಪ್ಪನ ಮಾತಿಗೆ ತಲೆಯೂ ಇಲ್ಲ ಬುಡವೂ ಇಲ್ಲ ಎಂದು ಹೇಳಲು ಒಳಗೆ ತಿರುಗಿದೆ. ಅವ್ವ ಆಗಲೇ ಹೊಸ ಎಲೆ ತೊಳೆದು ಬಡಿಸಿ ನನ್ನ ಕಡೆ ಚಾಚಿದ್ದಳು.

ಎಲೆಯನ್ನು ಕಲ್ಲಿನ ಮೇಲಿಟ್ಟೆ. ಆ ಮಬ್ಬುಗತ್ತಲಿಗೆ ಮುಖ ಮಾಡಿ ನಿಂತು ಕೈ ಮುಗಿದೆ.

“ಉಣ್ಣಿ,” ಎಂದೆ. “ನಮ್ಮಪ್ಪನ್ನ ತಂದುಕೊಟ್ರಿ.”