ತಿಪ್ಪಣ್ಣನವರು ತಡೆದ ಸೋರಿಕೆ

ನೀರು ಸೋರುವುದನ್ನು ಕಂಡರೆ ತಿಪ್ಪಣ್ಣನವರ ಮೈ ಉರಿಯುತ್ತಿತ್ತು. ನವಲಗುಂದದ ಕಡೆ ಕಾಲುವೆಯ ಮೇಲೆ ಮೂವತ್ತನಾಲ್ಕು ವರ್ಷ ವರ್ಕ್ ಇನ್ಸ್‌ಪೆಕ್ಟರ್ ಆಗಿ ದುಡಿದವರು. ಏರಿಯಲ್ಲಿ ಎಲ್ಲೇ ತೇವ ಕಾಣಲಿ, ಜೇಡಿಮಣ್ಣು ತುಳಿಸಿ ತೂತು ಮುಚ್ಚಿಸಿದ ಮೇಲೆಯೇ ಅವರ ಊಟ. ಹೆಂಡತಿ ತೀರಿಕೊಂಡ ಮೇಲೆ ನ್ಯೂಜಿಲೆಂಡಿನ ಪೊರಿರುವಾ ಊರಿಗೆ, ಮಗಳ ಮನೆಗೆ ಬಂದರೂ ಆ ಚಾಳಿ ಹೋಗಲಿಲ್ಲ. ಮನೆಯ ನಲ್ಲಿಗಳ ವಾಷರುಗಳನ್ನೆಲ್ಲ ಬದಲಿಸಿ ಮುಗಿಸಿದ ಮೇಲೆ ಅವರ ಕಣ್ಣು ಬೀದಿಯ ಮೇಲೆ ಬಿತ್ತು.

ಮಗಳು ನೀಲಗಂಗಾ ನಗರಸಭೆಯಲ್ಲಿ ಎಂಜಿನಿಯರ್. ರಸ್ತೆಯ ಎಣ್ಣೆ, ಟೈರಿನ ಮಸಿ, ಕಸ ಎಲ್ಲವೂ ಮಳೆಯಲ್ಲಿ ತೊಳೆದುಹೋಗಿ ನೇರ ಕೊಲ್ಲಿಗೆ ಸೇರುತ್ತಿದ್ದವು. ಅದಕ್ಕೆಂದು ಅವಳು ತಮ್ಮ ಬೀದಿಯ ಅಂಚಿನಲ್ಲೇ ಒಂದು ಮಳೆತೋಟ ಮಾಡಿಸಿದ್ದಳು. ತಗ್ಗಿನಲ್ಲಿ ಜೊಂಡು, ಅದರ ಕೆಳಗೆ ಮಣ್ಣು, ಮರಳು, ಜಲ್ಲಿ. ಕೊಳಕು ನೀರು ಅದರೊಳಗೆ ಇಂಗಿ, ಸೋಸಿ, ತಿಳಿಯಾಗಿ ಅಡಿಯ ಕೊಳವೆಗೆ ಇಳಿಯಬೇಕು. ಗುರುವಾರ ನಗರಸಭೆಯ ಸದಸ್ಯರು ನೋಡಲು ಬರುವವರಿದ್ದರು. ಮೆಚ್ಚಿದರೆ 2007ರ ಬಜೆಟ್ಟಿನಲ್ಲಿ ಇನ್ನೂ ಇಪ್ಪತ್ತು ಬೀದಿಗಳಿಗೆ ಹಣ. ಇಲ್ಲದಿದ್ದರೆ ಮೂರು ವರ್ಷ ಅವಳು ಬೆನ್ನು ಹತ್ತಿದ ಯೋಜನೆ ಅಲ್ಲಿಗೇ ಮುಗಿಯಿತು.

ಆ ವಾರವೇ ಅವಳು ತರಬೇತಿಗೆಂದು ಪಾಮರ್ಸ್ಟನ್ ನಾರ್ತ್‌ಗೆ ಹೋದಳು. ಹೋದ ದಿನವೇ ಮಳೆ ಬಂತು. ತಿಪ್ಪಣ್ಣನವರು ಕೊಡೆ ಹಿಡಿದು ನೋಡುತ್ತಾರೆ, ಹೊಂಡ ತುಂಬಿದ ನೀರು ಒಂದು ತಾಸಿನಲ್ಲಿ ಮಾಯ! ಮಗಳು ಕಟ್ಟಿಸಿದ ಕೆರೆಯ ತಳವೇ ಸೋರುತ್ತಿದೆ, ದೊಡ್ಡವರೆದುರು ಅವಳ ಮರ್ಯಾದೆ ಏನಾದೀತು ಎಂದು ಜೀವ ಚಡಪಡಿಸಿತು. ಫೋನಿನಲ್ಲಿ ಹೇಳಿದರೆ ಕೂಸು ಅಲ್ಲೇ ಗಾಬರಿಯಾದೀತೆಂದು ಹೇಳಲೂ ಇಲ್ಲ. ಜೊಂಡು ಕಿತ್ತಿಟ್ಟು, ಹಿತ್ತಲ ದಿಬ್ಬದ ಜೇಡಿಮಣ್ಣನ್ನು ಎರಡು ದಿನ ತುಳಿದು ಹದ ಮಾಡಿ, ಗೇಣು ದಪ್ಪ ಹಾಸಿ, ಜೊಂಡನ್ನು ಮೊದಲಿನಂತೆಯೇ ನೆಟ್ಟರು. ಅರವತ್ತೆಂಟರ ಮುದುಕನಿಗೆ ಇಷ್ಟು ಹುರುಪು ಎಲ್ಲಿಂದ ಬಂತೋ!

ಗುರುವಾರ ಬೆಳಿಗ್ಗೆ ಜೋರು ಮಳೆ. ನೀಲಗಂಗಾ ಕಾರಿನಿಂದ ಇಳಿದಾಗ ಹೊಂಡ ತುಂಬಿ, ಎಣ್ಣೆ ತೇಲುವ ಕಪ್ಪು ನೀರು ಮತ್ತೆ ರಸ್ತೆಗೇ ಚೆಲ್ಲುತ್ತಿತ್ತು. ಪಕ್ಕದಲ್ಲಿ ಅಪ್ಪ ಬೀಗುತ್ತ ನಿಂತಿದ್ದರು.

“ನೋಡ್ ತಂಗಿ, ಈಗ ಒಂದ್ ಹನಿ ಸೋರಂಗಿಲ್ಲ!”

“ಅಪ್ಪಾ, ಅದು ಸೋರಬೇಕ್ರೀ. ಸೋರಲಿ ಅಂತನ ಮಾಡೇವಿ.”

ತಿಪ್ಪಣ್ಣನವರ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಸದಸ್ಯರ ವ್ಯಾನು ತಿರುವಿನಲ್ಲಿ ಕಾಣಿಸಿತು.

“ಮುಂದಿನ ವಾರ ಬರ್ರಿ ಅಂತ ಹೇಳಿ ಕಳಸ್ತೀನಿ,” ಎಂದಳು ಮಗಳು.

“ಯಾಕ ಕಳಸ್ತಿ? ನಾ ಮುಚ್ಚಿದ್ದು ನಾನ ತೆಗೀತೀನಿ. ನಿಂತು ನೋಡ್ಲಿ.”

ಪ್ಯಾಂಟು ಮಡಿಸಿ, ಸಲಿಕೆ ಹಿಡಿದು ಮೊಳಕಾಲುದ್ದ ನೀರಿಗೆ ಇಳಿದೇಬಿಟ್ಟರು. ಸದಸ್ಯರು ಕೊಡೆ ಹಿಡಿದು ಸುತ್ತ ನೆರೆದರು. ತಾವು ಮುಚ್ಚಿದ್ದು ತಮಗೇ ಗೊತ್ತಲ್ಲ, ನಾಲ್ಕು ಕಡೆ ಜೇಡಿಯನ್ನು ಸೀಳಿ ಹೆಂಟೆ ಹೆಂಟೆಯಾಗಿ ಮೇಲೆ ಎಸೆದರು. ಗುಳುಗುಳು ಎಂದು ನೀರು ಇಳಿಯತೊಡಗಿತು. ನೀಲಗಂಗಾ ಕೆಳಗಿನ ಗುಂಡಿಯ ಮುಚ್ಚಳ ತೆಗೆಸಿ ಕೊಳವೆಯ ಬಾಯಿಗೆ ಬಾಟಲಿ ಹಿಡಿದಳು. ಮೊದಲ ಬಾಟಲಿ ಕೆಂಪು, ಎರಡನೆಯದು ಮಬ್ಬು, ಐದನೆಯದು ತಿಳಿ. ರಸ್ತೆಯ ಕಪ್ಪು ನೀರಿನ ಬಾಟಲಿಯನ್ನು ಅದರ ಪಕ್ಕದಲ್ಲಿಟ್ಟಾಗ ಯಾರಿಗೂ ವಿವರಣೆ ಬೇಕಾಗಲಿಲ್ಲ. ಮುಂದಿನ ತಿಂಗಳು ಇಪ್ಪತ್ತು ಬೀದಿಗಳಿಗೂ ಹಣ ಮಂಜೂರಾಯಿತು.

ಆದರೆ ತಿಪ್ಪಣ್ಣನವರಿಗೆ ಆ ದಿನದ್ದು ನೆನಪಿರುವುದೇ ಬೇರೆ. ಹೊಂಡದಲ್ಲಿದ್ದ ಮುದುಕ ಯಾರೆಂದು ಸದಸ್ಯರ ಜೊತೆ ಬಂದಿದ್ದ ಅಧ್ಯಕ್ಷರು ಕೇಳಿದ್ದರು. ಕೆಸರಾದ ಅಪ್ಪನನ್ನು ಯಾರೋ ಕೂಲಿಯೆಂದು ಹೇಳಿ ಪಾರಾಗಬಹುದಿತ್ತು ಮಗಳು. ಅವಳು ಇಂಗ್ಲಿಷಿನಲ್ಲಿ ಗಟ್ಟಿಯಾಗಿ, ಇವರು ನಮ್ಮ ತಂದೆ, ಈ ಹೊಂಡ ಮುಚ್ಚಿದವರೂ ಇವರೇ, ನಾನು ನೀರಿನ ಕೆಲಸ ಕಲಿತದ್ದು ಕಾಲುವೆಯ ಮೇಲೆ ಇವರ ಬೈಸಿಕಲ್ಲಿನ ಮುಂದೆ ಕೂತು, ಎಂದಳು. ಅಷ್ಟು ಇಂಗ್ಲಿಷು ತಿಪ್ಪಣ್ಣನವರಿಗೂ ತಿಳಿಯಿತು. ಮಳೆ ಇದ್ದದ್ದು ಒಳ್ಳೆಯದಾಯಿತು, ಅವರು ಅತ್ತದ್ದು ಯಾರಿಗೂ ಕಾಣಲಿಲ್ಲ.