ಪ್ರಣತಿಯ ಜೊತೆ ನೋಡಿದ ಅರ್ಧ ಸಿನಿಮಾ

ಮೊನ್ನೆ ಪೇಟೆಯಿಂದ ಮಿರ್ಚಿ ತಂದು ಪೊಟ್ಟಣ ಬಿಚ್ಚಿದರೆ ಎಣ್ಣೆ ಹೀರಿದ ಪೇಪರಿನಲ್ಲಿ ಆ ನಟ ಕಂಡ. ಬಿಳಿ ಗಡ್ಡ, ದಪ್ಪ ಕನ್ನಡಕ, ಮತ್ತೊಂದು ಕೊಲೆಯ ಸಿನಿಮಾ ಬರುತ್ತಿದೆಯಂತೆ. ಎಣ್ಣೆಯ ಕಲೆ ಸರಿಯಾಗಿ ಅವನ ಕೆನ್ನೆಯ ಮೇಲೇ ಕೂತಿತ್ತು. ಬೆರಳಿನಿಂದ ಒರೆಸಲು ನೋಡಿದೆ. ನಗಬೇಡಿ, ಒಂದು ಕಾಲದಲ್ಲಿ ಅವನ ಫೋಟೋ ನನ್ನ ಕಂಪಾಸ್ ಪೆಟ್ಟಿಗೆಯ ಮುಚ್ಚಳದೊಳಗೆ ಇರುತ್ತಿತ್ತು.

ಆಗ ಅವನು ಕೊಲೆಗಾರರನ್ನು ಹುಡುಕುತ್ತಿರಲಿಲ್ಲ, ಗುಡ್ಡದ ಮೇಲೆ ಹಾಡುತ್ತಿದ್ದ. ನಮ್ಮ ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ವರ್ಷಕ್ಕೊಮ್ಮೆ ಪರದೆ ಕಟ್ಟಿ ಅವನ ಸಿನಿಮಾ ತೋರಿಸುತ್ತಿದ್ದರು. ಅವನು ನಾಯಕಿಯ ಕೈ ಹಿಡಿಯುವುದೇ ತಡ, ಸಿಸ್ಟರ್ ಒಬ್ಬರು ಪ್ರೊಜೆಕ್ಟರಿನ ಮುಂದೆ ಹಾಜರಿ ಪುಸ್ತಕ ಅಡ್ಡ ಹಿಡಿಯುತ್ತಿದ್ದರು. ಕತ್ತಲೆಯಲ್ಲಿ ಹಾಡಷ್ಟೇ ಕೇಳುತ್ತಿತ್ತು. ಹೀಗೆ ಅವನ ಪ್ರೇಮಪ್ರಕರಣಗಳನ್ನೆಲ್ಲ ನಾನು ಕಿವಿಯಿಂದಲೇ ನೋಡಿದವಳು. ಅಡ್ಡ ಹಿಡಿದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಎಂಬ ಭರವಸೆ ನನಗೆ ಬಂದದ್ದೂ ಅಲ್ಲಿಂದಲೇ ಇರಬೇಕು.

ಎರಡು ವರ್ಷದ ಹಿಂದೆ ಅವನ ಇಂಥದ್ದೇ ಒಂದು ಸಿನಿಮಾ ನೋಡಿದೆ, ನೋಡಿದ್ದು ಅರ್ಧ. ಪಕ್ಕದಲ್ಲಿ ಕೂತವಳು ಪ್ರಣತಿ, ಬೈಲಹೊಂಗಲದ ನನ್ನ ತಮ್ಮನ ಮಗಳು. ಆಗ ಒಂಬತ್ತು ವರ್ಷ. ಅವಳವ್ವ ಎರಡನೆಯ ಹೆರಿಗೆಗೆ ಬೆಳಗಾವಿಯ ಆಸ್ಪತ್ರೆಯಲ್ಲಿದ್ದಳು, ತಮ್ಮನೂ ಅಲ್ಲೇ. ಹುಡುಗಿಯನ್ನು ರಾಮದುರ್ಗಕ್ಕೆ, ನನ್ನ ಮನೆಗೆ ತಂದು ಬಿಟ್ಟಿದ್ದರು.

ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಹೇಳಿ ಮುಗಿಸಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ, ಅದೂ ಮರ್ಯಾದೆಯೇ. ನಾನು ಹೆಸರು ಆರಿಸಿಟ್ಟು, ಬೆನ್ನನ್ನೂ ಸಿದ್ಧವಾಗಿಟ್ಟುಕೊಂಡು ಕಾಯುತ್ತಿದ್ದೆ. ತೊಟ್ಟಿಲು ಕಟಕೋಳದಿಂದ ಬಂದಿತ್ತು. ನಮ್ಮ ಯಜಮಾನರ ಚಿಕ್ಕಮ್ಮನ ಮನೆಯದು. ಅದರಲ್ಲಿ ಮಲಗಿದ ಮಕ್ಕಳೆಲ್ಲ ಗಟ್ಟಿಮುಟ್ಟಾಗಿ ಬೆಳೆದವೆಂದು ನೆಂಟರಿಷ್ಟರಲ್ಲಿ ಅದಕ್ಕೆ ಭಾರಿ ಬೇಡಿಕೆ. ಪ್ರಣತಿ ದಿನಾ ಅದರ ಹಿತ್ತಾಳೆ ಸರಪಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು.

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಗಂಡು. ಮೂರನೆಯ ದಿನ ಬೆಳಗಿನಲ್ಲಿ ಹೋಯಿತು.

ತಮ್ಮ ಫೋನಿನಲ್ಲಿ ಹೇಳಿದ್ದು ಒಂದೇ, "ಅಕ್ಕಾ, ಪ್ರಣತಿಗೆ ಈಗ ಹೇಳಬ್ಯಾಡ." ನಾನು ಹೂಂ ಎಂದೆ. ನಿನ್ನ ತಮ್ಮ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾನೆ, ದಪ್ಪ ಆದ ಮೇಲೆ ಕರೆತರುತ್ತಾರೆ ಎಂದು ಅವಳಿಗೆ ಹೇಳಿದೆವು. ಆದರೆ ಪಡಸಾಲೆಯಲ್ಲಿ ಆ ಖಾಲಿ ತೊಟ್ಟಿಲನ್ನು ನೋಡಿಕೊಂಡು ರೊಟ್ಟಿ ಬಡಿಯುವುದು ನನ್ನಿಂದಾಗಲಿಲ್ಲ. ಕಟಕೋಳಕ್ಕೆ ಫೋನ್ ಮಾಡಿದೆ. ಮರುದಿನ ತೊಟ್ಟಿಲು ಒಯ್ಯಲು ಟಂಟಂ ಗಾಡಿ ಬಂತು. ಮಂದಿಯ ವಸ್ತುವನ್ನು ಬರಿದಾಗಿ ಹಿಂದಿರುಗಿಸುವ ರೂಢಿ ನಮ್ಮಲ್ಲಿಲ್ಲ. ಎರಡು ಬೊಗಸೆ ಜೋಳ, ಒಂದು ಕಾಯಿ ತೊಟ್ಟಿಲಲ್ಲಿಟ್ಟು ಕಳಿಸಿದೆ. ಪ್ರಣತಿ ಪೇರಲಹಣ್ಣು ಕಚ್ಚುತ್ತ ಬಾಗಿಲಲ್ಲಿ ನಿಂತಿದ್ದಳು. ಅವರಿಗೇ ಬೇಕಾಗಿತ್ತಂತೆ ಎಂದೆ. ತಲೆಯಾಡಿಸಿದಳು. ಅಷ್ಟೇ.

ದಿನಾ ಸಂಜೆ ಅಪ್ಪನ ಫೋನ್ ಬಂದಾಗ ತಪ್ಪದೆ ಕೇಳುತ್ತಿದ್ದಳು, ತಮ್ಮ ಹೇಗಿದ್ದಾನೆ, ಎಷ್ಟು ದಪ್ಪ ಆದ ಎಂದು. ಪಾಪ, ಏನೂ ತಿಳಿಯದು ಎಂದು ನಾನು ಒಳಗೆ ಹೋಗಿ ಮೂಗು ಒರೆಸಿಕೊಳ್ಳುತ್ತಿದ್ದೆ.

ಹೀಗೆ ಎಂಟು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಟಿವಿಯಲ್ಲಿ ಆ ಸಿನಿಮಾ ಹಚ್ಚಿದೆ. ಕೊಲೆಯ ಕಥೆ ಎಂದು ಗೊತ್ತಿತ್ತು. ಆದರೂ ಕಂಪಾಸ್ ಪೆಟ್ಟಿಗೆಯ ನಮ್ಮ ಹುಡುಗನಲ್ಲವೇ, ಮಗುವಿಗೆ ಕೇಡಾಗುವಂಥದ್ದು ಏನು ಮಾಡಿಯಾನು ಎನ್ನಿಸಿತು. ಅವನು ರಿಟೈರಾದ ಪೊಲೀಸು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾನೆ. ಅದು ನಟನೆಯೋ ನಿಜವಾದ ಮೊಣಕಾಲು ನೋವೋ ಎಂದು ನಾನು ಯೋಚಿಸುತ್ತಿರುವಾಗಲೇ ಹೆಣ ಬಂತು. ತಟ್ಟನೆ ಸೆರಗು ಎಳೆದು ಪ್ರಣತಿಯ ಕಣ್ಣಿಗೆ ಅಡ್ಡ ಹಿಡಿದೆ. ತೊಳೆದು ತೊಳೆದು ಸವೆದ ಮನೆಸೀರೆ ಅದು.

"ಇದರಾಗಿಂದ ಎಲ್ಲಾ ಕಾಣತೈತಿ ಅತ್ತಿ," ಎಂದಳು. "ಸುಮ್ನ ಕೈ ನೋಯಿಸ್ಕೋಬ್ಯಾಡ."

ಸೆರಗು ಇಳಿಸಿದೆ.

ಸತ್ತವನ ಮನೆಯವರು ಆ ದಿನ ಯಾರೂ ಬಂದಿರಲಿಲ್ಲವೆಂದು ಒಂದೇ ಮಾತು ಹೇಳುತ್ತಾರೆ. ಇವನು ವಾದಿಸುವುದಿಲ್ಲ. ಕುಡಿಯಲು ನೀರು ಕೇಳಿ ಅಡುಗೆಮನೆಗೆ ಹೋಗುತ್ತಾನೆ. ಅಲ್ಲಿ ತೊಳೆದು ಬೋರಲು ಹಾಕಿದ ಲೋಟಗಳಲ್ಲಿ ಮನೆಮಂದಿಗಿಂತ ಒಂದು ಹೆಚ್ಚಿದೆ. ನೋಡುತ್ತಾನೆ, ಏನೂ ಅನ್ನದೆ ನೀರು ಕುಡಿಯುತ್ತಾನೆ. ಪ್ರಣತಿ ರಿಮೋಟ್ ಒತ್ತಿದಳು. ಚೊಂಬು ಎತ್ತಿಕೊಂಡು, ಬಾಯಿ ತೆರೆದುಕೊಂಡು ಅವನು ಹಾಗೇ ನಿಂತುಬಿಟ್ಟ.

"ಅತ್ತಿ, ತೊಟ್ಲದಾಗ ಜ್ವಾಳ ಯಾಕ ಹಾಕಿದಿ?"

ಹಾಗೆಯೇ ಹಾಕುತ್ತೇವಲ್ಲ, ಅದು ಪದ್ಧತಿ ಎಂದೇನೋ ಶುರುಮಾಡಿದೆ.

"ಕೆಲಸ ಮುಗದ ಮ್ಯಾಲೆ ಹೊಳ್ಳಿ ಕೊಡುವಾಗ ಹಾಕತಿ. ತಮ್ಮ ಬರಾಂವ ಇದ್ದಿದ್ರ ಕೊಡತಿದ್ದಿಲ್ಲ."

ಆಚೆಮನೆಯ ಬಟ್ಟಲಿಗೆ ಸಕ್ಕರೆ ಹಾಕಿ ಅವಳ ಕೈಯಲ್ಲೇ ಎಷ್ಟು ಸಲ ಮರಳಿ ಕಳಿಸಿದ್ದೇನೋ. ನಾನೇ ಕಲಿಸಿದ ಪಾಠ. ಅವಳನ್ನು ನನ್ನ ಕಡೆ ತಿರುಗಿಸಿಕೊಂಡು ಕೇಳಿದೆ, "ಮತ್ತ ದಿನಾ ಅಪ್ಪಗ ಯಾಕ ಕೇಳತಿ, ತಮ್ಮ ಹೆಂಗದಾನಂತ?"

"ಕೇಳೂದು ಬಿಟ್ರ, ನನಗ ಗೊತ್ತಾಗೇತಿ ಅಂತ ಅಪ್ಪಗ ತಿಳೀತೈತಿ," ಎಂದಳು. "ಅಳ್ತಾನ."

ನಾವೆಲ್ಲ ಕೂಡಿ ಅವಳನ್ನು ಕಾಯುತ್ತಿದ್ದೇವೆ ಎಂದುಕೊಂಡಿದ್ದೆವು. ಎಂಟು ದಿನ ಒಬ್ಬಳೇ ನಮ್ಮನ್ನು ಕಾದಿದ್ದಳು. ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಬೆರಳು ಇಷ್ಟಿಷ್ಟೇ ಇದ್ದವಂತೆ, ಅವಳವ್ವ ಒಮ್ಮೆ ಎತ್ತಿಕೊಂಡಳಂತೆ. ಎಲ್ಲ ಕೇಳಿದ ಮೇಲೆ, ಹೆಸರು ಇಟ್ಟಿದ್ದರೇನು ಎಂದಳು. ಇಲ್ಲ ಎಂದೆ. ಆಮೇಲೆ ಅತ್ತಳು, ಒಂಬತ್ತು ವರ್ಷದವರು ಅಳುವ ಹಾಗೆ, ಬಾಯಿ ಬಿಟ್ಟು.

ಆ ರಾತ್ರಿ ತಮ್ಮನಿಗೆ ಎಲ್ಲ ತಿಳಿಸಿದೆ. ವಾರದ ನಂತರ ಗಂಡಹೆಂಡತಿ ಮಗಳನ್ನು ಕರೆದೊಯ್ಯಲು ಬಂದರು. ತಮ್ಮನ ಹೆಂಡತಿ ಅಷ್ಟು ದಿನವೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲವಂತೆ. ಬಂದವಳು ಮಂಚದ ಅಂಚಿಗೆ ಕೂತು ಗೋಡೆ ನೋಡುತ್ತಿದ್ದಳು. ಪ್ರಣತಿ ಮಂಚ ಹತ್ತಿ, ಅವಳ ಕೂದಲು ಸರಿಸಿ, ಕಿವಿಗೆ ಬಾಯಿ ಹಚ್ಚಿ ಒಂದು ಹೆಸರು ಹೇಳಿದಳು. ಹೆಸರೇ ಎಂದು ನನಗೆ ಗೊತ್ತಾದದ್ದು ಅವಳವ್ವ "ಇನ್ನೊಮ್ಮೆ ಹೇಳು, ಏನಂತ ಕರದಿ ಅವನ್ನ?" ಅಂದಾಗ. ಇನ್ನೊಮ್ಮೆ ಹೇಳಿದಳು. ಅವಳವ್ವ ಅಳತೊಡಗಿದಳು. ನಾನು ಚಹಾದ ತಟ್ಟೆ ಹಿಡಿದುಕೊಂಡು ಹಾಗೇ ಒಳಗೆ ಹೋದೆ.

ಈಗ ಪ್ರಣತಿಗೆ ಹನ್ನೊಂದು. ಬರುವ ಸೋಮವಾರ ರಜೆಗೆ ಬರುತ್ತಾಳೆ. ಹೊಸ ಸಿನಿಮಾ ಇಬ್ಬರೂ ನೋಡುವವರಿದ್ದೇವೆ, ಹೆಣ ಎಷ್ಟು ಬೇಕಾದರೂ ಬರಲಿ. ಅವಳು ಏನು ಕೇಳಿದರೂ ಇದ್ದದ್ದನ್ನು ಹೇಳುತ್ತೇನೆ. ನಾನು ಮಾತ್ರ ಒಂದನ್ನು ಅವಳಿಗೆ ಕೇಳಿಲ್ಲ, ಕೇಳುವುದೂ ಇಲ್ಲ. ಹೆಸರಿಡುವ ಹಕ್ಕು ನನ್ನದಿತ್ತು, ನಿಜ. ಆದರೆ ಅವತ್ತು ಇಟ್ಟ ಹೆಸರು ತಾಯಿ, ಮಗಳು, ಆ ಕೂಸು, ಈ ಮೂವರದು.